ರಕ್ತವರದಿ ಮೀಮಾಂಸೆ: ಹೊಳೆನರಸೀಪುರ ಸಂಪ್ರದಾಯ

ಅಥ ರಿಪೋರ್ಟ್ ವಿಚಾರಃ. ಹೇಮಾವತಿ ತೀರದ ಹೊಳೆನರಸೀಪುರದಲ್ಲಿ ಲ್ಯಾಬಿನ ಚೀಟಿಗೆ ಮೂಲಗ್ರಂಥದ ಮರ್ಯಾದೆಯುಂಟು. ಮೂಲ ಓದಿದವರು ವಿರಳ, ಭಾಷ್ಯಕಾರರು ಹೇರಳ. ಅವರಲ್ಲಿ ಮೂರು ಪಂಥ.

ಪೂರ್ವಪಕ್ಷ ಒಂದು: ದಪ್ಪಕ್ಷರ ಪಂಥ. ಕಪ್ಪಗೆ ಅಚ್ಚಾದದ್ದಷ್ಟೇ ಕಾಯಿಲೆ, ಮಿಕ್ಕದ್ದು ಅಲಂಕಾರ ಎಂಬುದು ಇವರ ಮತ. ಖಾಲಿ ಹೊಟ್ಟೆಯ ಶುಗರ್ 118 ಬಂದರೆ "ಬಾರ್ಡರ್‌ನಲ್ಲೈತೆ ಬಿಡಣ್ಣ" ಎಂದು ಟೀ ಹೇಳುತ್ತಾರೆ, ಸಕ್ಕರೆ ಸಮೇತ. 100ರಿಂದ 125ರವರೆಗೆ ಎಚ್ಚರಿಕೆ, 126 ಅಥವಾ ಮೇಲಿನದು ಎರಡು ಸಲ ಬಂದರೆ ಸಕ್ಕರೆ ಕಾಯಿಲೆ ಎಂಬ ಸೂತ್ರ ಇವರಿಗೆ ಪ್ರಕ್ಷಿಪ್ತ.

ಪೂರ್ವಪಕ್ಷ ಎರಡು: ಉಪವಾಸ ಪಂಥ. ಟೆಸ್ಟಿಗೆ ಎರಡು ದಿನ ಮುಂಚೆ ಮುದ್ದೆ ಅರ್ಧ, ಸಿಹಿ ವರ್ಜ್ಯ, ದೇವಸ್ಥಾನದವರೆಗೂ ನಡಿಗೆ. ರಿಪೋರ್ಟ್ ಕೈಗೆ ಬಂದ ಮಧ್ಯಾಹ್ನವೇ ಬೀಗರೂಟ. ಈ ಪಂಥದ ಖಂಡನೆಗೆಂದೇ ಎಚ್‌ಬಿಎ1ಸಿ ಅವತರಿಸಿತು: ಅದು ಹಿಂದಿನ ಎರಡು-ಮೂರು ತಿಂಗಳ ಸಕ್ಕರೆಯ ಲೆಕ್ಕವನ್ನು ಒಟ್ಟಿಗೆ ಹೇಳುತ್ತದೆ. 6.5 ದಾಟಿದವರ ಉಪವಾಸ ವ್ಯರ್ಥ.

ಪೂರ್ವಪಕ್ಷ ಮೂರು: ಎಳನೀರು ಪಂಥ. ಇದರ ಮೂಲಪೀಠ ಚನ್ನರಾಯಪಟ್ಟಣದ ತೆಂಗಿನ ತೋಟ. ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ 1.9 ಕಂಡೊಡನೆ "ಉಷ್ಣ ಕಣಣ್ಣ, ದಿನಾ ಎರಡು ಎಳನೀರು ಕುಡಿ" ಎಂದು ವಿಧಿಸುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಸೋತ ಕಿಡ್ನಿ ಅದನ್ನು ಹೊರಹಾಕಲಾರದೆ ಹೃದಯದ ಬಡಿತವೇ ತಪ್ಪಬಹುದು ಎಂಬುದನ್ನು ಇವರ ಭಾಷ್ಯ ಮುಟ್ಟುವುದಿಲ್ಲ. ಮಂಡಿನೋವಿಗೆ ಚೀಟಿಯಿಲ್ಲದೆ ತಂದು ತಿಂಗಳುಗಟ್ಟಲೆ ನುಂಗುವ ಮಾತ್ರೆ ಕಿಡ್ನಿಗೆ ಪೆಟ್ಟು ಕೊಡುತ್ತದೆ ಎಂಬಲ್ಲಿಯೂ ಮೌನ.

ಸಿದ್ಧಾಂತ: ಒಂಟಿ ಅಂಕಿಯನ್ನು ನಂಬಬಾರದು. ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. ಆಲೂಗಡ್ಡೆ ಮೂಟೆ ಹೊರುವ 25ರ ಹುಡುಗನಿಗೆ 1.2 ಇದ್ದರೆ ಇಜಿಎಫ್‌ಆರ್, ಅಂದರೆ ಕಿಡ್ನಿ ಸೋಸುವ ವೇಗದ ಅಂದಾಜು, 85ರ ಆಸುಪಾಸು. ಅದೇ 1.2 ಇರುವ 75ರ ಅಜ್ಜಿಗೆ 50ರೊಳಗೆ. ಲ್ಯಾಬಿನ ಚೀಟಿಯಲ್ಲಿ ಅಜ್ಜಿಯ ಅಂಕಿ ದಪ್ಪಗಾಗದೆಯೂ ಇರಬಹುದು. ಇಜಿಎಫ್‌ಆರ್ ಮೂರು ತಿಂಗಳಾದರೂ 60ರ ಕೆಳಗೇ ಉಳಿದರೆ ಅದು ಕಿಡ್ನಿಯ ದೀರ್ಘಕಾಲದ ಕಾಯಿಲೆ. ಸಕ್ಕರೆಯಿಂದ ಕಿಡ್ನಿ ಕೆಡುವಾಗ ಮೊದಲ ಸುಳಿವು ಎಷ್ಟೋ ಸಲ ರಕ್ತದಲ್ಲಲ್ಲ, ಮೂತ್ರದಲ್ಲಿ ಸೋರುವ ಅಲ್ಬುಮಿನ್‌ನಲ್ಲಿ.

ಫಲಶ್ರುತಿ: ಈ ವರ್ಷದ ಚೀಟಿ, ಹೋದ ವರ್ಷದ ಚೀಟಿ, ಹೆಂಡತಿಗೂ ಹೇಳದೆ ನುಂಗುವ ಮಾತ್ರೆಗಳ ಪಟ್ಟಿ, ಮೂರನ್ನೂ ಡಾಕ್ಟರ ಮುಂದಿಟ್ಟವನಿಗೆ ಅರ್ಥ ಲಭಿಸುತ್ತದೆ, ಬಸ್ ಸ್ಟ್ಯಾಂಡಿನಲ್ಲಿ ಬಿಡಿಸಿದವನಿಗೆ ಟೀ ಖರ್ಚು ಮಾತ್ರ. ಶುಗರ್ ಇರುವವರು ವರ್ಷಕ್ಕೊಮ್ಮೆಯಾದರೂ ಇಜಿಎಫ್‌ಆರ್, ಮೂತ್ರದ ಅಲ್ಬುಮಿನ್ ಎರಡನ್ನೂ ಮಾಡಿಸಿ. ಇದಕ್ಕೆ ಭಾಷ್ಯ ಬೇಕಿಲ್ಲ.