ಒಂದು ಮನೆ, ಎಂಟು ವಿಳಾಸ

ಸಾಹಿತಿ ವೆಂಕಟೇಶ ಅಯ್ಯಂಗಾರರು ಬೆಂಗಳೂರಿನ ಗವಿಪುರದಲ್ಲಿ ಮನೆ ಮಾಡಿದರೂ ಅವರ ಸ್ಥಿರ ವಿಳಾಸ ಒಂದೇ: ಮಾಸ್ತಿ. 1983ರ ಜ್ಞಾನಪೀಠವೂ ಅದೇ ಹೆಸರು ಹುಡುಕಿಕೊಂಡು ಬಂತು.

ಈಗ ಅದೇ ಮಾಸ್ತಿ ಊರಿನ ಹುಡುಗನೊಬ್ಬನಿಗೆ ಮನೆಯ ಬ್ರಾಡ್‌ಬ್ಯಾಂಡಿಗೆ ಒಂದು ವಿಳಾಸ ಸಾಲದು. ಇಂಟರ್ನೆಟ್ಟಿನ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಲೋಕಕ್ಕೆಲ್ಲ ಸೇರಿ ಇರುವುದೇ ಸುಮಾರು 430 ಕೋಟಿ ವಿಳಾಸ. ಅದಕ್ಕೇ ಬದಲಾಗದ ವಿಳಾಸಕ್ಕೆ ಬೇರೆ ದುಡ್ಡು. ಇವನು 8ರ ಕಂತೆಯನ್ನೇ ಕೊಂಡ. ಮೊದಲನೆಯದು ನೆಟ್‌ವರ್ಕಿಗೆ, ಕೊನೆಯದು ಬ್ರಾಡ್‌ಕಾಸ್ಟಿಗೆ, ಇನ್ನೊಂದು ರೂಟರಿಗೆ. ಕೈಗೆ ದಕ್ಕಿದ್ದು 5.

"ರೇಷನ್ ಅಂಗಡಿ ತೂಕ ಇದ್ದಂಗೈತಲ್ಲೋ!" ಅಂದರು ಅಜ್ಜಿ.

ಒಂದನ್ನು ಕ್ಯಾಮೆರಾಗೆ, ಒಂದನ್ನು ಸರ್ವರಿಗೆ ಕೊಟ್ಟ. ಮೂರು ಖಾಲಿ ಬಿದ್ದಿವೆ.

"ಇಷ್ಟೊಂದು ವಿಳಾಸ ಮಡಗಿದ್ದೀಯ," ಅಜ್ಜಿ ಕೇಳಿದರು, "ಹೆಣ್ಣಿನ ಕಡೆಯೋರು ಒಂದಕ್ಕಾದರೂ ಬತ್ತಾರೇನೋ ಮಗ?"