ಪೇಜ್‌ಮೇಕರ್‌ಗೆ ನಿವೃತ್ತಿ ಯಾವಾಗ?

ರಾಜ್ಯ ಸರ್ಕಾರಿ ನೌಕರರಿಗೆ ಅರವತ್ತಕ್ಕೆ ನಿವೃತ್ತಿ. ಓಡಿ ಓಡಿ ಸವೆದ ಬಿಎಂಟಿಸಿ ಬಸ್ಸಿಗೂ ಗುಜರಿಯಲ್ಲಿ ಮುಕ್ತಿ. ದೀಪಾಂಜಲಿ ನಗರದ ನಮ್ಮ ಡಿಟಿಪಿ ಅಂಗಡಿಯಲ್ಲಿ ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್‌ಗೆ ಮಾತ್ರ ಎರಡೂ ಇಲ್ಲ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ನಮ್ಮ ಬಡಾವಣೆಗೆ ಮೆಟ್ರೊ ಬಂದದ್ದು 2015ರಲ್ಲಿ. ಹೊರಗೆ ನೇರಳೆ ಮಾರ್ಗದ ರೈಲು ಓಡುತ್ತಿದ್ದರೂ ಒಳಗೆ ಗೃಹಪ್ರವೇಶದ ಪತ್ರಿಕೆ ಪೇಜ್‌ಮೇಕರ್‌ನಲ್ಲೇ ನಡೆದುಕೊಂಡು ಬರುತ್ತದೆ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನವರು ವಿಂಡೋಸ್ 10ಕ್ಕೂ ಆಫೀಸ್ 2016, 2019ಕ್ಕೂ ಒಂದೇ ದಿನ ಬೆಂಬಲ ನಿಲ್ಲಿಸಿದರು. ಸರ್ವೀಸ್ ಹುಡುಗ ಓಡಿ ಬಂದ. “ಸಾರ್, ನಿಮ್ ಪ್ರೊಸೆಸರ್ ಆರನೇ ಜನರೇಷನ್. ವಿಂಡೋಸ್ 11ಕ್ಕೆ ಎಂಟನೇದಾದ್ರೂ ಬೇಕು.” ಹೆಣ್ಣು ನೋಡಲು ಬಂದವರೂ ಇಷ್ಟು ತಲೆಮಾರು ವಿಚಾರಿಸುವುದಿಲ್ಲ. ಮಾಲೀಕರು ಕನ್ನಡಕ ಏರಿಸಿ, “ಓಡ್ತಾ ಇದೆಯಲ್ಲಪ್ಪ” ಎಂದರು. ಯಾವ ಯಂತ್ರದ ಬಗ್ಗೆ ಕೇಳಿದರೂ ಅವರ ತಾಂತ್ರಿಕ ವರದಿ ಅಷ್ಟೇ.

ಹುಡುಗ ಬಿಡಲಿಲ್ಲ. ಉದ್ರಿ ಲೆಕ್ಕವಿರುವ ಎಕ್ಸೆಲ್ 2003 ತೋರಿಸಿ, “ಇದರಲ್ಲಿ ಸಾಲುಗಳು ಬರೀ 65,536 ಸಾರ್. 2007ರಿಂದ ಈಚಿನದರಲ್ಲಿ 10,48,576” ಎಂದ. ಮಾಲೀಕರು ಗಾಬರಿಯಾದರು. “ಅಷ್ಟು ಸಾಲು ಉದ್ರಿ ಕೊಟ್ರೆ ಅಂಗಡಿ ಮಾರ್ಬೇಕಾಗುತ್ತೆ ಕಣಪ್ಪ!” ಎಕ್ಸೆಲ್ ಬದಲಾವಣೆಯ ಪ್ರಸ್ತಾಪ ಅಲ್ಲಿಗೆ ಬಿದ್ದುಹೋಯಿತು.

ಅಸಲಿ ತೊಡಕು ಅಕ್ಷರಗಳದ್ದು. ಕನ್ನಡ ಟೈಪಿಂಗಿನ ‘ನುಡಿ’ ಸಾಫ್ಟ್‌ವೇರಿನ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಫಾಂಟ್ ಇರುವ ತನಕ ಪತ್ರಿಕೆಯ ನೆತ್ತಿಯ ಮೇಲೆ ‘ಶ್ರೀ ಗಾಳಿ ಆಂಜನೇಯಸ್ವಾಮಿ ಪ್ರಸನ್ನ’. ಫಾಂಟ್ ತೆಗೆದರೆ ಸ್ವಾಮಿ ಮಾಯ, ಟೋಪಿ, ಚುಕ್ಕಿ ಇಟ್ಟುಕೊಂಡ ಪರದೇಶಿ ಅಕ್ಷರಗಳ ಜಾತ್ರೆ. ಈಗಿನ ಮೊಬೈಲುಗಳದ್ದು ಯೂನಿಕೋಡ್ ಕನ್ನಡ. ಪೇಜ್‌ಮೇಕರ್‌ಗೆ ಅದರ ಗಂಧವೇ ಇಲ್ಲ. ಗಿರಾಕಿಯೊಬ್ಬರು ವಾಟ್ಸ್ಆ್ಯಪ್‌ನಲ್ಲಿ ಅಚ್ಚುಕಟ್ಟಾಗಿ ಕಳಿಸಿದ ಮ್ಯಾಟರ್ ಅಂಟಿಸಿದರೆ ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆ. ಅವರು ಪರದೆ ನೋಡಿ, “ಏನ್ರೀ, ನಾವು ಮನೆ ಕಟ್ಟಿದ್ದರ ಮೇಲೆ ನಿಮಗೆ ಇಷ್ಟೊಂದು ಅನುಮಾನವಾ?” ಎಂದರು. ಇದ್ದಬದ್ದದ್ದನ್ನೆಲ್ಲ ಮತ್ತೆ ಟೈಪ್ ಮಾಡಿಕೊಟ್ಟೆ.

ಹಾಗಾದರೆ ಇನ್‌ಡಿಸೈನ್‌ಗೆ ಹೋಗಬಹುದಲ್ಲ? ಅದೂ ಅಡೋಬಿಯವರದೇ. ಆದರೆ ಪೇಜ್‌ಮೇಕರ್ ಫೈಲುಗಳನ್ನು ತೆರೆಯುವ ಸೌಜನ್ಯ ಅದಕ್ಕೆ ಸಿಎಸ್6 ತನಕ ಮಾತ್ರ ಇತ್ತು. ಆಮೇಲಿನವು ದಾಯಾದಿಯನ್ನು ಕಂಡಂತೆ ಮುಖ ತಿರುಗಿಸುತ್ತವೆ.

ನನ್ನದೂ ಒಂದು ನೆಪವಿತ್ತು: ಬೆರಳು. ನಮ್ಮ ಕೀಲಿಮಣೆಯಲ್ಲಿ ಎಫ್ ಗುಂಡಿಯ ಮೇಲಿನ ಅಕ್ಷರ ಪೂರ್ತಿ ಅಳಿಸಿ ಕನ್ನಡಿಯಂತೆ ಹೊಳೆಯುತ್ತದೆ. ನುಡಿಯಲ್ಲಿ ಒತ್ತಕ್ಷರ ಮೂಡಬೇಕಾದರೆ ಎಫ್ ಒತ್ತಲೇಬೇಕು. ಅಕ್ಕ, ಅಣ್ಣ, ಅಪ್ಪ, ಅಮ್ಮ ಎಲ್ಲರೂ ಅದನ್ನು ತುಳಿದೇ ಬಂದವರು. ಹೊಸದಕ್ಕೆ ಹೋದರೆ ಬೆರಳಿಗೆ ಮತ್ತೆ ಅಕ್ಷರಾಭ್ಯಾಸವೇ ಎಂದು ಹೆದರಿದ್ದೆ. ಹುಡುಗ ತೋರಿಸಿದ: ಕೆ.ಪಿ. ರಾವ್ ಅವರು ರೂಪಿಸಿದ ಅದೇ ವಿನ್ಯಾಸದಲ್ಲಿ ಯೂನಿಕೋಡನ್ನೂ ಬಡಿಯಬಹುದು. ನೆಪ ಕೈಬಿಟ್ಟಿತು.

ಕಡೆಗೆ ನಮ್ಮಲ್ಲಾದ ತೀರ್ಮಾನ ಇದು. ಹಳೆಯ ಯಂತ್ರ ಮೂಲೆಯಲ್ಲಿರಲಿ, ಇಂಟರ್‌ನೆಟ್ ವೈರ್ ಕಿತ್ತು; ಹಳೆಯ ಫೈಲು ಕೇಳಿಕೊಂಡು ಬರುವವರಿಗೆ ಅದು ಬೇಕು. ಹೊಸ ಕೆಲಸವೆಲ್ಲ ಹೊಸ ಯಂತ್ರದಲ್ಲಿ, ಯೂನಿಕೋಡ್‌ನಲ್ಲಿ. ಹತ್ತು ಲಕ್ಷ ಸಾಲಿನ ಆಸೆಗೆ ಯಾರೂ ಸಾಫ್ಟ್‌ವೇರ್ ಬದಲಿಸಬೇಕಿಲ್ಲ. ಬರೆದದ್ದು ನಾಳೆ ಇನ್ನೊಬ್ಬರ ಪರದೆಯಲ್ಲಿ ಕನ್ನಡವಾಗಿ ಕಾಣದು ಎಂದಾದರೆ ಬದಲಿಸಲೇಬೇಕು. ನಿಮ್ಮ ಮನೆಯಲ್ಲೂ ಸಂಘದ ಬೈಲಾ, ತಂದೆಯವರ ಕವನ, ವಂಶವೃಕ್ಷ ಹಳೆಯ ನುಡಿಯಲ್ಲೇ ಮಲಗಿದ್ದರೆ, ಆ ಕಂಪ್ಯೂಟರ್ ಉಸಿರಾಡುತ್ತಿರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಆಮೇಲೆ ಒಮ್ಮೆ ಕೂತು ಪ್ರೂಫ್ ನೋಡಿ. ಅರ್ಕಾವತ್ತಿರುವ ಹೆಸರುಗಳನ್ನಂತೂ ಎರಡು ಸಲ ನೋಡಿ.