ಊರಿನ ಕಸ, ಪರವೂರಿನ ಪುಣ್ಯ

ಅಮೆರಿಕ ಸರ್ಕಾರಕ್ಕೆ ಕರುಳಿಲ್ಲ ಎನ್ನುವವರು 1988ರ ಸ್ಟ್ಯಾಫರ್ಡ್ ಕಾಯ್ದೆಯನ್ನು ಓದಿಲ್ಲವೆಂದೇ ಅರ್ಥ. ವಿಕೋಪಕ್ಕೆ ತುತ್ತಾದ ಪ್ರದೇಶದಲ್ಲಿ ಅವಶೇಷ ತೆಗೆಯುವ, ಸಾಮಗ್ರಿ ಹಂಚುವ, ಮತ್ತೆ ಕಟ್ಟುವ ಗುತ್ತಿಗೆಗಳಲ್ಲಿ ಅಲ್ಲಿನ ಸಂಸ್ಥೆಗಳಿಗೇ ಆದ್ಯತೆ ಎಂದು ಅದರ 307ನೇ ಸೆಕ್ಷನ್ ಸಾರುತ್ತದೆ. ಸಾಧ್ಯವಾದಷ್ಟರ ಮಟ್ಟಿಗೆ ಎಂಬ ಒಂದು ಮಾತೂ ಅದರಲ್ಲಿದೆ. ಹೆತ್ತ ತಾಯಿಯಾದರೂ ಅಷ್ಟೇ ತಾನೇ ಮಾಡುವುದು?

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಲೂಸಿಯಾನ, ಮಿಸಿಸಿಪ್ಪಿಗಳ ಮೇಲೆ ಎರಗಿದಾಗ ಈ ಕಾಯ್ದೆಯ ಶಕ್ತಿ ಜಗತ್ತಿಗೆ ತಿಳಿಯಿತು. ನ್ಯೂ ಆರ್ಲಿಯನ್ಸ್‌ನ ಬೀದಿಬೀದಿಯಲ್ಲಿ ರೆಫ್ರಿಜರೇಟರುಗಳು ಸಾಲಾಗಿ ನಿಂತವು. ವಾರಗಟ್ಟಲೆ ಕರೆಂಟಿಲ್ಲದೆ ಕೊಳೆತ ಮಾಂಸ, ಮೀನು ಒಳಗೇ ಇದ್ದುದರಿಂದ ಬಾಗಿಲಿಗೆ ಸುತ್ತಲೂ ಟೇಪು ಬಿಗಿದು ಜನ ಅವನ್ನು ಹೊರಗೆ ತಳ್ಳಿದ್ದರು. ಇಂಥ ಕಸವನ್ನು ಊರವರ ತಲೆಗೇ ಕಟ್ಟುವುದು ಯಾವ ನ್ಯಾಯ? ಸರ್ಕಾರ ಹಾಗೆ ಮಾಡಲಿಲ್ಲ. ಕಸವಷ್ಟೇ ಅಲ್ಲ, ತಾತ್ಕಾಲಿಕ ವಸತಿಯ ದೊಡ್ಡ ಗುತ್ತಿಗೆಗಳನ್ನೂ ಟೆಂಡರಿನ ಕಾಟವಿಲ್ಲದೆ ನಾಲ್ಕು ಭಾರಿ ಕಂಪನಿಗಳಿಗೆ ಕೊಟ್ಟಿತು. ಅವುಗಳಲ್ಲೊಂದಾದ ಶಾ ಗ್ರೂಪ್ ಲೂಸಿಯಾನದ್ದೇ. ನ್ಯೂಯಾರ್ಕ್ ಷೇರುಪೇಟೆಯಲ್ಲಿ ಅದರ ಹೆಸರಿದ್ದರೇನು, ಮಣ್ಣಿನ ಮಗನಲ್ಲವೇ? ನಾಲ್ಕರಲ್ಲಿ ಒಂದು ಎಂದರೆ ಶೇಕಡ 25!

ಕಸ ಎತ್ತುವ ಗುತ್ತಿಗೆಯಂತೂ ತ್ಯಾಗದ ಪಾಠ. ಫ್ಲೋರಿಡಾದ ಆಶ್‌ಬ್ರಿಟ್ ಕಂಪನಿಗೆ ಒಂದು ಘನ ಗಜ ಕಸಕ್ಕೆ ಸುಮಾರು 23 ಡಾಲರ್ ಸಿಗುತ್ತಿತ್ತೆಂದು ಆಗಿನ ಸುದ್ದಿವಾಹಿನಿಯೊಂದು ಲೆಕ್ಕ ಬಿಚ್ಚಿಟ್ಟಿತು. ಆ ಕಂಪನಿ ಕೆಲಸವನ್ನು 9 ಡಾಲರಿಗೆ ಉಪಗುತ್ತಿಗೆ ಕೊಟ್ಟಿತು. ಅವರು ಇನ್ನೊಬ್ಬರಿಗೆ 8ಕ್ಕೆ, ಅವರು ಮತ್ತೊಬ್ಬರಿಗೆ 7ಕ್ಕೆ ದಾಟಿಸಿದರು. ಲಾರಿ ತಂದು ಕಸ ಸಾಗಿಸಿದವನಿಗೆ ದಕ್ಕಿದ್ದು 3 ಡಾಲರ್. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿ ಸುಳ್ಳಾಯಿತು. ನಾಲ್ವರು ಪೂಜಾರಿಗಳಿದ್ದರೂ ಕೊನೆಯವನ ಕೈಗೆ ತೀರ್ಥವಾದರೂ ಬಿತ್ತು. ಸ್ಥಳೀಯರಿಗೆ ಆದ್ಯತೆ ಸಿಕ್ಕಿದ್ದು ಈ ಮೂರು ಡಾಲರಿನಲ್ಲೇ ಇರಬೇಕೆಂದು ಯಾರಾದರೂ ಊಹಿಸಿದರೆ ಅದೂ ತಪ್ಪು. ಆ ಲಾರಿಯವನೂ ನ್ಯೂಜೆರ್ಸಿಯಿಂದ ಬಂದವನು. ಅಪ್ಪಟ ಸ್ಥಳೀಯವಾಗಿದ್ದುದು ಕಸ ಒಂದೇ.

ಹೊರಗಿನವರು ಕಸ ಎತ್ತಿದ್ದಕ್ಕೂ ಆಕ್ಷೇಪವೆತ್ತುವ ಜನರಿದ್ದಾರೆ. ಕತ್ರಿನಾ ಹುಟ್ಟಿದ್ದೇ ಬಹಾಮಾಸ್ ಬಳಿಯ ಕಡಲಲ್ಲಿ. ಕೆಡಿಸುವುದಕ್ಕೆ ಹೊರಗಿನವರು ಬಂದಾಗ ವಿಳಾಸ ಕೇಳದವರು ಗುಡಿಸುವುದಕ್ಕೆ ಬಂದಾಗ ಮಾತ್ರ ಕೇಳಬಹುದೇ?

ಆದರೂ ಮಿಸಿಸಿಪ್ಪಿಯಲ್ಲಿ ಸೇನೆಯ ಎಂಜಿನಿಯರುಗಳು ಕಸದ ಗುತ್ತಿಗೆಯೊಂದನ್ನು ಆ ರಾಜ್ಯದ ಸಂಸ್ಥೆಗಳಿಗೇ ಮೀಸಲಿಡಲು ಹೊರಟರು. ಆಶ್‌ಬ್ರಿಟ್ ತಕರಾರು ಹೂಡಿತು. ನೆರೆಯವರ ಸೇವೆಗೆ ಇಷ್ಟು ಹಟ ಹಿಡಿಯುವವರು ಈ ಕಾಲದಲ್ಲಿ ಎಲ್ಲಿದ್ದಾರೆ? 2006ರ ಮಾರ್ಚ್‌ನಲ್ಲಿ ಸರ್ಕಾರಿ ಉತ್ತರದಾಯಿತ್ವ ಕಚೇರಿ ಆ ತಕರಾರನ್ನು ತಳ್ಳಿಹಾಕಿದ್ದು ವಿಷಾದನೀಯ.

ಅದೇ ವರ್ಷ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಕಾಯ್ದೆ ಬಿಗಿಯಾಯಿತು. ಈಗ ಸ್ಥಳೀಯನೆನಿಸಿಕೊಳ್ಳಲು ಹಿಂದಿನ ಹನ್ನೆರಡು ತಿಂಗಳು ಮುಖ್ಯ ಕಚೇರಿ ಅಲ್ಲೇ ಇದ್ದಿರಬೇಕು, ಅರ್ಧ ವರಮಾನವೂ ಅರ್ಧ ಕಾಯಂ ನೌಕರರೂ ಅಲ್ಲಿನವೇ ಆಗಿರಬೇಕು. ಇಷ್ಟಾಗದವರು ಕೈಚೆಲ್ಲಬೇಕಿಲ್ಲ. ರಾಜ್ಯದ ಲೈಸೆನ್ಸು, ಸ್ಥಳೀಯ ಸಂಘದ ಸದಸ್ಯತ್ವ ಮುಂತಾದ ಪುರಾವೆಗಳನ್ನೂ ಸರ್ಕಾರ ದೊಡ್ಡ ಮನಸ್ಸಿನಿಂದ ಪರಿಶೀಲಿಸುತ್ತದೆ.

ಬಿಗಿಯ ಫಲ 2017ರಲ್ಲಿ ಪೋರ್ಟೊರಿಕೊಕ್ಕೆ ಸಿಕ್ಕಿತು. ಮರಿಯಾ ಚಂಡಮಾರುತದ ನಂತರ ಮೂರು ಕೋಟಿ ಊಟ ಒದಗಿಸುವ 15.6 ಕೋಟಿ ಡಾಲರಿನ ಗುತ್ತಿಗೆಯನ್ನು ಅಮೆರಿಕ ಸರ್ಕಾರದ ವಿಕೋಪ ನಿರ್ವಹಣಾ ಸಂಸ್ಥೆ ಫೆಮಾ ಅಟ್ಲಾಂಟಾದ ಏಕವ್ಯಕ್ತಿ ಸಂಸ್ಥೆಯೊಂದಕ್ಕೆ ಕೊಟ್ಟಿತು. ತಲುಪಿದ್ದು 50,000 ಊಟ. ತಾನಾಗಿ ಬಿಸಿಯಾಗಬೇಕಿದ್ದ ಆ ಊಟದಲ್ಲಿ ಅನ್ನದ ಪೊಟ್ಟಣ ಬೇರೆ, ಬಿಸಿ ಮಾಡುವ ಚೀಲ ಬೇರೆಯಾಗಿ ಬಂದವು. ಗುತ್ತಿಗೆ ರದ್ದಾಯಿತು. ಒಬ್ಬರ ಮೇಲೆ ಇಷ್ಟು ನಂಬಿಕೆ ಇಡುವ ಸರ್ಕಾರ ಎಲ್ಲರಿಗೂ ಸಿಗುವುದಿಲ್ಲ.

2006ರ ತಿದ್ದುಪಡಿಯ ಮುಕುಟಮಣಿಯೆಂದರೆ ಇದು: ಹೊರಗಿನವರಿಗೆ ಗುತ್ತಿಗೆ ಕೊಟ್ಟರೆ ಏಕೆಂದು ಕಡತದಲ್ಲಿ ಬರೆದಿಡಲೇಬೇಕು. ಹೀಗಾಗಿ ಈಗ ಕಾರಣವಿಲ್ಲದೆ ಯಾರೂ ವಂಚಿತರಾಗುವುದಿಲ್ಲ. ಕಡತಗಳು ಬೆಳೆಯುತ್ತಿವೆ, ಚಂಡಮಾರುತಗಳೂ ಬರುತ್ತಿವೆ. ಮುಂದೊಮ್ಮೆ ನೆರೆಯಲ್ಲಿ ಆ ಕಡತಗಳೇ ನೆನೆದರೆ ಅವನ್ನು ಒಣಗಿಸುವ ಗುತ್ತಿಗೆ ಖಂಡಿತ ಸ್ಥಳೀಯರಿಗೇ, ಸಾಧ್ಯವಾದಷ್ಟರ ಮಟ್ಟಿಗೆ.